ಕಳೆದ ವರ್ಷ ರೇಬಿಸ್ ಲಸಿಕೆ ಆಗಿದೆ, ಈಗ ಮತ್ತೆ ಬೀದಿನಾಯಿ ಪರಚಿದೆ: ಮತ್ತೆ ಇಂಜೆಕ್ಷನ್ ಬೇಕಾ?

ಬೀದಿನಾಯಿ ನಿಮ್ಮ ಮಗನ ಕಾಲಿಗೆ ಪರಚಿದೆ, ಕಳೆದ ವರ್ಷವೇ ಲಸಿಕೆ ಆಗಿದ್ದರೂ ಡಾಕ್ಟರು ಮತ್ತೆ ಎರಡು ಇಂಜೆಕ್ಷನ್ ಹೇಳಿದ್ದಾರೆ, ಯಾಕೆ ಅಂತ ಕೇಳಿದ್ದೀರಿ. ಇಂಜೆಕ್ಷನ್ ಬೇಕು, ಆದರೆ ಹಳೇ ಲಸಿಕೆ ವ್ಯರ್ಥ ಆಯ್ತು ಅಂತಲ್ಲ. ರಕ್ತದಲ್ಲಿನ ಪ್ರತಿಕಾಯ (ವೈರಸ್ ವಿರುದ್ಧ ಹೋರಾಡುವ ಪ್ರೋಟೀನ್) ಕಾಲ ಕಳೆದಂತೆ ಇಳಿಯುತ್ತದೆ, ಆದರೆ ದೇಹಕ್ಕೆ ನೆನಪಿರುತ್ತದೆ. ಅದನ್ನು ಎಬ್ಬಿಸಲು ಎರಡೇ ಡೋಸ್ ಸಾಕು. ನಮ್ಮ ಮನೆಯಲ್ಲೂ ಹೀಗೇ ಮಾಡಿಸಿದ್ದೆವು.

ಮೊದಲು ಗಾಯ. ಸರಿಯಾಗಿ ತೊಳೆದಿಲ್ಲದಿದ್ದರೆ ಈಗಲೇ ಮಗನ ಕಾಲನ್ನು ನಲ್ಲಿ ಕೆಳಗೆ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಅಂದಾಜಿಗೆ ಬಿಟ್ಟರೆ ಎರಡು ನಿಮಿಷಕ್ಕೇ ಮುಗಿಸಿಬಿಡುತ್ತೇವೆ. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚಬೇಡಿ, ಅಜ್ಜಿ ಎಷ್ಟೇ ಹೇಳಲಿ.

ಆಮೇಲೆ ಹಳೇ ಲಸಿಕೆ ಚೀಟಿ ಹಿಡಿದು ಇವತ್ತೇ ಆಸ್ಪತ್ರೆಗೆ ಹೋಗಿ. ಒಂದು ಡೋಸ್ ಇವತ್ತು, ಇನ್ನೊಂದು ಮೂರು ದಿನ ಬಿಟ್ಟು. ಹಳೇ ಕೋರ್ಸ್ ಪೂರ್ತಿಯಾಗಿದ್ದರೆ ಗಾಯಕ್ಕೆ ಹಾಕುವ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಬೇಕಿಲ್ಲ. ಚೀಟಿಯಲ್ಲಿ ಡೋಸ್ ತಪ್ಪಿದ್ದರೆ ಲೆಕ್ಕ ಬದಲಾಗಬಹುದು. ರಕ್ತ ಬಂತಾ ಅಂತ ನೀವು ಬರೆದಿಲ್ಲ, ಅದನ್ನೂ ಡಾಕ್ಟರಿಗೆ ಹೇಳಿ.

ಇನ್ನು ಮೇಲೆ ನಾಯಿ ಹತ್ತಿರವೇ ಬಿಡಬಾರದಾ ಅಂತ ಕೇಳಿದ್ದೀರಿ. ಗಾಯವಿಲ್ಲದ ಚರ್ಮ ನೆಕ್ಕಿದರೆ, ಸುಮ್ನೆ ಮುಟ್ಟಿದರೆ ಇಂಜೆಕ್ಷನ್ ಬೇಡ, ತೊಳೆದರೆ ಸಾಕು. ಆದರೆ ಪರಚಿದರೆ, ಕಚ್ಚಿದರೆ ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡದೆ ತಕ್ಷಣ ಹೇಳಬೇಕು ಅಂತ ಮಗನಿಗೆ ತಿಳಿಸಿಡಿ.