ಥರ್ಡ್ ಜನರೇಷನ್ ಐ3ಗೆ ಡಿಡಿಆರ್4 ಕೂಡೋದಿಲ್ರಿ ಅಕ್ಕಾರ

ನೀವು ಬರ್ದಿದ್ದು ಇಷ್ಟು: ಸಿಂಧನೂರಿನ ಮನಿಯಾಗ ಐ3-3220 ಡೆಸ್ಕ್‌ಟಾಪ್, 4 ಜಿಬಿ ರ‍್ಯಾಮ್, ವಿಂಡೋಸ್ 10. ಮಗಳ ಆನ್‌ಲೈನ್ ಕ್ಲಾಸು, ನಿಮ್ಮ ಟ್ಯಾಲಿ ಎರಡೂ ತೆಗದ್ರ ನಿಂತುಬಿಡ್ತದ. ಅಂಗಡಿಯವರು ಡಿಡಿಆರ್4 ಅನ್ನೋ ಹೊಸ ಜಾತಿಯ 8 ಜಿಬಿ ರ‍್ಯಾಮ್ ತಗೋರಿ ಅಂದಾರ.

ತಗೋಬ್ಯಾಡ್ರಿ. ಆ ಪ್ರೊಸೆಸರ್‌ಗೆ ಅದರ ಹಿಂದಿನ ಜಾತಿ ಡಿಡಿಆರ್3 ಒಂದೇ ನಡೀತದ. ಡಿಡಿಆರ್3ಗೆ 240 ಪಿನ್, ಡಿಡಿಆರ್4ಗೆ 288. ನಡುವಿನ ಕಚ್ಚೂ ಬ್ಯಾರೆ ಕಡೆ ಇರ್ತದ.

ರೊಕ್ಕ ಬಿಚ್ಚೋಕಿಂತ ಮುಂಚೆ ಕೊರತಿ ರ‍್ಯಾಮ್‌ದೇನಾ ನೋಡ್ರಿ. ಎರಡೂ ಕೆಲಸ ತೆಗದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೂಡಿ ಒತ್ರಿ. ಟಾಸ್ಕ್ ಮ್ಯಾನೇಜರ್ ಬರ್ತದ, ಅದರಾಗ ಪರ್ಫಾರ್ಮೆನ್ಸ್, ಆಮ್ಯಾಲ ಮೆಮರಿ. 90 ಪರ್ಸೆಂಟ್ ಹತ್ರ ಹೋಗಿದ್ರ ರ‍್ಯಾಮ್ ಸಾಲ್ತಿಲ್ಲ. ಮೆಮರಿ 60ರಾಗ ಇದ್ದು ಡಿಸ್ಕ್ ಒಂದೇ 100ಕ್ಕ ಕುಂತಿದ್ರ ರ‍್ಯಾಮ್ ಹಾಕಿ ಉಪಯೋಗಿಲ್ಲ, ಹಾರ್ಡ್ ಡಿಸ್ಕ್ ಬದ್ಲಿ ವೇಗದ ಎಸ್‌ಎಸ್‌ಡಿ ಹಾಕಿಸ್ರಿ. ಎರಡೂ ಏರಿದ್ರ ಮೊದ್ಲು ರ‍್ಯಾಮ್, ಯಾಕಂದ್ರ ರ‍್ಯಾಮ್ ತುಂಬಿದಾಗ ವಿಂಡೋಸ್ ಮಿಕ್ಕಿದ್ದನ್ನ ಡಿಸ್ಕ್‌ಗೇ ಬರೀತದ.

ಅಲ್ಲೇ ಕೆಳಗ 'ಸ್ಲಾಟ್ಸ್ ಯೂಸ್ಡ್' ಅಂತ ಅದ. '1 ಆಫ್ 2' ಇದ್ರ ಇನ್ನೊಂದು 4 ಜಿಬಿ ತಂದು ಖಾಲಿ ಸ್ಲಾಟಿಗೆ ಹಾಕ್ರಿ. '2 ಆಫ್ 2' ಅಂದ್ರ ಬಹಳ ಮಾಡಿ 2 ಜಿಬಿ ಎರಡು ಅವ, ಎರಡೂ ತೆಗದು 4 ಜಿಬಿದು ಎರಡು ಹಾಕ್ರಿ. ಒಂದೇ ಅಳತಿಯ ಎರಡು ಇದ್ರ ಡ್ಯುಯಲ್ ಚಾನೆಲ್ ಓಡ್ತದ, ಅಂದ್ರ ಎರಡೂ ಒಟ್ಟಿಗೇ ಕೆಲಸ ಮಾಡಿ ವೇಗ ಹೆಚ್ಚತದ. ನಿಮ್ಮ ಗ್ರಾಫಿಕ್ಸೂ ಇದೇ ರ‍್ಯಾಮ್‌ನಿಂದ ಪಾಲು ತಗೊಳ್ಳೋದ್ರಿಂದ ಅದು ಲಾಭ. 16 ಜಿಬಿ ಮಾತ್ರ ಬ್ಯಾಡ್ರಿ. ಈ ಪ್ರೊಸೆಸರ್ ವಿಂಡೋಸ್ 11 ನಡಿಯೋ ಪ್ರೊಸೆಸರ್ ಪಟ್ಟಿಯಾಗ ಇಲ್ಲ, ಇದಕ್ಕ ಹೆಚ್ಚು ಸುರಿಯೋದು ದಂಡ.

ಹಳೇ ರ‍್ಯಾಮ್ ತಗೊಳ್ಳೋದಾದ್ರ ಲೇಬಲ್ ಕಣ್ಣಾರೆ ಓದ್ರಿ. 'ಪಿಸಿ3-12800ಯು' ಅಂದ್ರ ಡಿಡಿಆರ್3, 1600 ಸ್ಪೀಡು, ಡೆಸ್ಕ್‌ಟಾಪ್‌ದು. ಕೊನಿಗೆ 'ಎಸ್' ಇದ್ರ ಲ್ಯಾಪ್‌ಟಾಪ್‌ದು, 'ಆರ್' ಇದ್ರ ಸರ್ವರ್‌ದು, ನಿಮ್ಮ ಬೋರ್ಡ್ ಎಬ್ಬಿಸೋದಿಲ್ಲ. ಅಗ್ಗಕ್ಕ ಸಿಗೋ ಕೆಲವು ಎಎಂಡಿ ಬೋರ್ಡಿಗೆ ಮಾತ್ರ ಓಡ್ತಾವ, ನಿಮ್ಮ ಐ3 ಇಂಟೆಲ್ ಕಂಪನಿದು, ಇಂಟೆಲ್‌ಗೆ ನಡೀತದೇನು ಅಂತ ಬಾಯಿಬಿಟ್ಟು ಕೇಳ್ರಿ. 'ಪಿಸಿ3ಎಲ್' ಬಂದ್ರ ಚಿಂತಿಲ್ಲ, ಅದು 1.35 ವೋಲ್ಟಿನದಾದ್ರೂ 1.5ಕ್ಕೂ ನಡೀತದ. 1333ರದು 1600ರ ಜೋಡಿ ಹಾಕಿದ್ರ ಎರಡೂ 1333ಕ್ಕೆ ಓಡ್ತಾವ.

ಹಾಕುವಾಗ ಪ್ಲಗ್ ಕಿತ್ತು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಉಳಿದ ಕರೆಂಟ್ ಇಳೀತದ. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಕಬ್ಬಿಣ ಮುಟ್ರಿ, ಮೈಯಾಗಿನ ಸ್ಟ್ಯಾಟಿಕ್ ಕರೆಂಟ್ ಇಳೀತದ. ನಮ್ಮ ಕಡೆ ಬ್ಯಾಸಗಿ ಧೂಳು ಸ್ಲಾಟಿನ ಸಂದಿಗೆಲ್ಲ ಹೊಕ್ಕಿರ್ತದ, ಬ್ಲೋವರ್ ಹೊಡೀರಿ, ಹಸಿ ಬಟ್ಟಿ ಹಚ್ಚಬ್ಯಾಡ್ರಿ. ಹಳೇ ರ‍್ಯಾಮ್‌ನ ಬಂಗಾರದ ಬಣ್ಣದ ಅಂಚನ್ನ ಬಿಳಿ ರಬ್ಬರಿನಿಂದ ಹಗೂರಕ ತಿಕ್ಕಿ, ರಬ್ಬರ್ ಪುಡಿ ಕೊಡವ್ರಿ. ಕಚ್ಚು ಕೂಡಿಸಿ ಎರಡೂ ತುದಿ ಒತ್ರಿ, ಕ್ಲಿಪ್ 'ಟಕ್' ಅಂತ ತಾನೇ ಏಳ್ಬೇಕು. ಕೂಡಲಿಲ್ಲ ಅಂದ್ರ ಬಲ ಹಾಕಬ್ಯಾಡ್ರಿ, ಕಚ್ಚು ತಿರುಗಾಮುರುಗಾ ಆಗಿರ್ತದ.

ಚಾಲೂ ಮಾಡಿದಾಗ ಬೀಪ್ ಹೊಡದು ಪರದೆ ಕಪ್ಪಿದ್ರ ತೆಗದು ಮತ್ತೊಮ್ಮೆ ಕೂಡಿಸ್ರಿ. ಆಗಲೂ ಆಗದಿದ್ರ ಒಂದೊಂದೇ ಹಾಕಿ ನೋಡ್ರಿ, ಕೆಟ್ಟಿದ್ದು ರ‍್ಯಾಮೋ ಸ್ಲಾಟೋ ಗೊತ್ತಾಗ್ತದ. 8 ಜಿಬಿ ಹಾಕಿದ್ರೂ 'ಯೂಸೇಬಲ್' 4ರ ಒಳಗೇ ತೋರ್ಸಿದ್ರ ಬಹಳ ಮಾಡಿ ವಿಂಡೋಸ್ 32 ಬಿಟ್‌ದು, ಹಂಗಿದ್ರ 64 ಬಿಟ್ ಹೊಸದಾಗಿ ಹಾಕಬೇಕಾಗ್ತದ, ಟ್ಯಾಲಿ ಡೇಟಾ ಮೊದ್ಲೇ ಪೆನ್‌ಡ್ರೈವಿಗೆ ಇಳಿಸ್ಕೋರಿ. ರ‍್ಯಾಮ್ ಆರಿಸಿದ ಮ್ಯಾಲ ಲೇಬಲ್ಲಿನ ಫೋಟೊ ಇಲ್ಲಿ ಹಾಕ್ರಿ, ರೊಕ್ಕ ಕೊಡೋಕಿಂತ ಮೊದ್ಲು ನೋಡಿ ಹೇಳ್ತೀವಿ.