ಮೊದಲು ಅಲ್ಲಿ ಹೋಗಿ ನಿಂತು ನೋಡಿ

ನಮ್ಮ ಬೀದಿ: ಓದುಗರ ಪ್ರಶ್ನೆಗಳಿಗೆ, ಒಂದೇ ಬೀದಿಯಲ್ಲಿ 27 ವರ್ಷ ಬಾಳಿದ ನಿವಾಸಿಯ ಉತ್ತರ

ಪ್ರಶ್ನೆ: ನಮ್ಮ ಬೀದಿಯ ತಿರುವಿನಲ್ಲಿ ಒಂದು ಖಾಲಿ ಜಾಗ ಇದೆ. ಎಷ್ಟು ಸಲ ಕ್ಲೀನ್ ಮಾಡಿಸಿದರೂ ಮೂರೇ ದಿನಕ್ಕೆ ಕಸ ತುಂಬುತ್ತದೆ. ‘ಇಲ್ಲಿ ಕಸ ಹಾಕಬೇಡಿ’ ಅಂತ ಬೋರ್ಡ್ ನೆಟ್ಟೆವು. ಈಗ ಬೋರ್ಡಿನ ಬುಡದಲ್ಲೇ ಹಾಕುತ್ತಾರೆ. ಏನು ಮಾಡೋದು ಮೇಡಂ?

ನಮ್ಮಲ್ಲೂ ಅಂಥದ್ದೊಂದು ಮೂಲೆ ಇತ್ತು. ಯಾರೋ ಹೊರಗಿನವರು ಬಂದು ಹಾಕಿ ಹೋಗುತ್ತಾರೆ ಅಂತ ಎಲ್ಲರೂ ನಂಬಿದ್ದೆವು. ಎರಡು ವರ್ಷ ಆ ಕಾಣದ ಜನರನ್ನು ಬೈದುಕೊಂಡೇ ಓಡಾಡಿದೆವು. ಕೊನೆಗೆ ನಾನು ಮತ್ತು ಎದುರು ಮನೆಯ ಮೇಷ್ಟ್ರು ಒಂದು ವಾರ ಬೆಳಿಗ್ಗೆ ಐದೂವರೆಗೆ ಹೋಗಿ ಅಲ್ಲೇ ಒಂದು ಮನೆಯ ಮೆಟ್ಟಿಲ ಮೇಲೆ ಕೂತೆವು. ಯಾರನ್ನೂ ಬೈಯಬಾರದು, ಫೋಟೊ ತೆಗೆಯಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು.

ಕಸ ಹಿಡಿದು ಬಂದವರು 11 ಮಂದಿ. ಅವರಲ್ಲಿ ಎಂಟು ಜನ ನಮ್ಮ ಬೀದಿಯವರೇ! ಒಬ್ಬಾಕೆ ನಮ್ಮನ್ನು ಕಂಡವರೇ ಚೀಲವನ್ನು ಬೆನ್ನ ಹಿಂದೆ ಹಿಡಿದು ನಿಂತುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: “ಕಸದ ಗಾಡಿ ಬರೋದು ಒಂಬತ್ತಕ್ಕೆ. ನಾನು ಆರಕ್ಕೇ ಕೆಲಸಕ್ಕೆ ಹೊರಡ್ತೀನಿ. ಮನೇಲಿ ಬೇರೆ ಯಾರೂ ಇಲ್ಲ. ನೀವೇ ಹೇಳಿ, ಎಲ್ಲಿಡಲಿ?” ನಮಗೆ ಉತ್ತರ ಹೊಳೆಯಲಿಲ್ಲ. ಎರಡು ವರ್ಷ ನಾವು ಬೈದದ್ದು ಇವರನ್ನೇ ಅಲ್ವಾ ಅನಿಸಿ ನನಗೆ ತುಂಬ ಸಂಕಟವಾಯಿತು.

ಅವತ್ತು ಸಂಜೆಯೇ ಮೇಷ್ಟ್ರು ತಮ್ಮ ಗೇಟಿನ ಒಳಗೆ ಮುಚ್ಚಳ ಇರುವ ಎರಡು ದೊಡ್ಡ ಡಬ್ಬ ಇಟ್ಟರು, ಹಸಿ ಕಸಕ್ಕೆ ಒಂದು, ಒಣ ಕಸಕ್ಕೆ ಒಂದು. ಬೇಗ ಹೊರಡುವವರು ಅಲ್ಲಿ ಹಾಕಿ ಹೋಗುತ್ತಾರೆ. ಗಾಡಿ ಬಂದಾಗ ಮೇಷ್ಟ್ರು ಕೊಡುತ್ತಾರೆ. ಊರಿಗೆ ಹೋದರೆ ನಮಗೆ ಹೇಳಿ ಹೋಗುತ್ತಾರೆ. ಮೂಲೆಯ ಮುಕ್ಕಾಲು ಕಸ ಇಷ್ಟಕ್ಕೇ ನಿಂತಿತು. ಉಳಿದ ಕಾಲು ಭಾಗಕ್ಕೆ ಆರು ತಿಂಗಳು ಹಿಡಿಯಿತು.

ಬೋರ್ಡಿನ ಬಗ್ಗೆ ಕೇಳಿದಿರಿ. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ಊರಿನಲ್ಲಿ ಸಂಶೋಧಕರು ಮಾಡಿದ ಒಂದು ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಒಂದು ಓಣಿಯಲ್ಲಿ ‘ಗೋಡೆ ಮೇಲೆ ಬರೆಯಬೇಡಿ’ ಅನ್ನುವ ಫಲಕ ಇತ್ತು. ಅಲ್ಲಿ ನಿಲ್ಲಿಸಿದ್ದ ಸೈಕಲ್ಲುಗಳ ಹ್ಯಾಂಡಲ್ಲಿಗೆ ಚೀಟಿ ಸಿಕ್ಕಿಸಿಟ್ಟರು. ಹತ್ತಿರದಲ್ಲಿ ಕಸದ ಡಬ್ಬ ಇರಲಿಲ್ಲ. ಗೋಡೆ ಚೊಕ್ಕವಾಗಿದ್ದಾಗ ಚೀಟಿಯನ್ನು ನೆಲಕ್ಕೆ ಎಸೆದವರು ನೂರಕ್ಕೆ 33 ಮಂದಿ. ಅದೇ ಗೋಡೆ ಮೇಲೆ ಗೀಚಿದ್ದಾಗ 69. ಫಲಕ ಎರಡೂ ಸಲ ಇತ್ತು. ಮುರಿದ ನಿಯಮ ಕಣ್ಣಿಗೆ ಕಂಡರೆ ಜನ ಬೇರೆ ನಿಯಮವನ್ನೂ ಮುರಿಯುತ್ತಾರೆ. ಹಾಗಾಗಿ ಕಸದ ಗುಡ್ಡೆ ಪಕ್ಕ ಬೋರ್ಡ್ ಇಡಬೇಡಿ. ಮೊದಲು ಆ ಬೆಳಗಿನ ಜನರಿಗೆ ದಾರಿ ಮಾಡಿಕೊಡಿ. ಆಮೇಲೆ ಕೆಲವು ವಾರ, ಬಿದ್ದ ಮೊದಲ ಚೀಲವನ್ನು ಕೂಡಲೇ ಎತ್ತಿಸಿ. ಬೋರ್ಡ್ ಆಮೇಲೆ ನೋಡೋಣ.

ಪ್ರಶ್ನೆ: ಬೀದಿ ದೀಪ ಕೆಟ್ಟು ತಿಂಗಳಾಯಿತು. ದೂರು ಕೊಟ್ಟರೂ ಯಾರೂ ಬರುತ್ತಿಲ್ಲ.

ದೂರಿನಲ್ಲಿ ಕಂಬದ ನಂಬರ್ ಬರೆದಿದ್ದೀರಾ? ‘ನಮ್ಮ ಬೀದಿಯ ದೀಪ’ ಅಂತ ಬರೆದ ನನ್ನ ಮೊದಲ ಎರಡು ಅರ್ಜಿ ಒಂದು ಕಚೇರಿಯಲ್ಲಿ ಹಾಗೇ ಕೂತಿದ್ದವು. ಒಂದು ಅರ್ಜಿಗೆ ಒಂದೇ ವಿಷಯ ಇರಲಿ. ಕಂಬದ ನಂಬರ್, ಕೆಟ್ಟ ದಿನ, ಹಗಲಲ್ಲಿ ತೆಗೆದ ಒಂದು ಫೋಟೊ, ರಾತ್ರಿಯ ಒಂದು ಫೋಟೊ ಹಾಕಿ. ದೂರಿನ ನಂಬರ್ ಕೇಳಿ ಪಡೆಯಿರಿ. ಮುಂದಿನ ಪತ್ರದಲ್ಲಿ ಆ ನಂಬರನ್ನೇ ಮೊದಲ ಸಾಲಿನಲ್ಲಿ ಬರೆಯಿರಿ. ಇದೆಲ್ಲ ಒಂದು ನೋಟ್‌ಬುಕ್‌ನಲ್ಲಿ ಇದ್ದರೆ ನೀವಿಲ್ಲದಾಗ ಬೇರೆಯವರು ಮುಂದುವರಿಸಬಹುದು.

ಪ್ರಶ್ನೆ: ಮೇನ್ ರೋಡಿನ ಟ್ರಾಫಿಕ್ ತಪ್ಪಿಸಿಕೊಳ್ಳಲು ವಾಹನಗಳು ನಮ್ಮ ಒಳರಸ್ತೆಗೆ ನುಗ್ಗುತ್ತವೆ. ಹಂಪ್ ಹಾಕಿಸಬೇಕು ಅಂದರೆ ಅರ್ಧ ಜನ ಬೇಡ ಅನ್ನುತ್ತಾರೆ. ಇದೊಂದು ದೊಡ್ಡ ಜಗಳವಾಗಿದೆ.

ಜಗಳ ಸ್ವಲ್ಪ ಬದಿಗಿಡಿ. ಮೊದಲು ಎಣಿಸಿ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಎಷ್ಟು ವಾಹನ ಬಂತು, ಎಷ್ಟು ನಿಮ್ಮ ಬೀದಿಯ ಮನೆಗಳಿಗೇ ಬಂತು, ಎಷ್ಟು ಸುಮ್ನೆ ಹಾದು ಹೋಯಿತು? ಹಂಪ್ ಬೇಡ ಅನ್ನುವವರನ್ನೂ ಎಣಿಸೋಕೆ ಕೂರಿಸಿ.

ಡೊನಾಲ್ಡ್ ಆಪಲ್‌ಯಾರ್ಡ್ ಅನ್ನುವ ನಗರ ವಿನ್ಯಾಸಕಾರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಥದ್ದೇ ಕೆಲಸ ಮಾಡಿದ್ದರು. ಒಂದೇ ಥರದ ಮೂರು ಬೀದಿ. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮತ್ತೊಂದರಲ್ಲಿ 16,000. ಬೀದಿಯಲ್ಲಿ ನಿಮಗೆ ಎಷ್ಟು ಜನ ಸ್ನೇಹಿತರು ಅಂತ ಅಲ್ಲಿಯವರನ್ನು ಕೇಳಿದರು. ವಾಹನ ಕಡಿಮೆ ಇದ್ದ ಬೀದಿಯಲ್ಲಿ ಸರಾಸರಿ ಮೂವರು. ಜಾಸ್ತಿ ಇದ್ದ ಬೀದಿಯಲ್ಲಿ ಒಬ್ಬರಿಗಿಂತ ಕಡಿಮೆ. ಇದನ್ನು ಓದಿದ ಮೇಲೆ ನನಗೆ ಟ್ರಾಫಿಕ್ ಅಂದರೆ ಬರೀ ಅಪಘಾತದ ವಿಷಯವಾಗಿ ಉಳಿಯಲಿಲ್ಲ. ರಸ್ತೆಯ ಆ ಬದಿಯವರು ನಮಗೆ ಅಪರಿಚಿತರಾಗುವುದು ಹೀಗೆ. ಆಪಲ್‌ಯಾರ್ಡ್ ತೀರಿಕೊಂಡದ್ದು 1982ರಲ್ಲಿ, ಅಥೆನ್ಸ್‌ನಲ್ಲಿ, ಕಾರು ಡಿಕ್ಕಿ ಹೊಡೆದು. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಹಂಪ್ ಬೇಡ ಅನ್ನುವವರ ಮಾತಲ್ಲೂ ನಿಜ ಇದೆ. ಬಣ್ಣ ಬಳಿಯದ, ದೀಪ ಇಲ್ಲದ ಕಡೆ ಹಾಕಿದ ಹಂಪ್ ರಾತ್ರಿ ಸ್ಕೂಟರಿನವರನ್ನು ಬೀಳಿಸುತ್ತದೆ. ಆಂಬುಲೆನ್ಸಿಗೂ ತೊಂದರೆ. ಆದರೆ ವೇಗ ಇಳಿಸಲೇಬೇಕು. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ವಾಹನ ಜಾರುವ ದೂರ ನಾಲ್ಕು ಪಟ್ಟಾಗುತ್ತದೆ. ಬೀದಿಯ ಬಾಯಿಯನ್ನು ಕಿರಿದು ಮಾಡಬಹುದು. ಇಲ್ಲವೇ ಒಂದು ತುದಿಯಲ್ಲಿ ನಡೆಯುವವರು, ಸೈಕಲ್ಲಿನವರು ಮಾತ್ರ ಹೋಗುವಂತೆ ಮಾಡಬಹುದು. ನಿಮ್ಮ ಎಣಿಕೆ ಹಿಡಿದು ಹೋಗಿ ಒಂದು ತಿಂಗಳ ಪ್ರಯೋಗಕ್ಕೆ ಅನುಮತಿ ಕೇಳಿ. ಶಾಶ್ವತವಾಗಿ ಬೇಡ ಅನ್ನುವವರು ಒಂದು ತಿಂಗಳಿಗೆ ಒಪ್ಪುತ್ತಾರೆ.

ಪ್ರಶ್ನೆ: ಸೊಳ್ಳೆಗೆ ಹೊಗೆ ಹೊಡೆಸಿದರೆ ಸಾಕಲ್ಲವೇ?

ಸಾಲದು. ಹೊಗೆ ಹಾರುವ ಸೊಳ್ಳೆಗೆ ಮಾತ್ರ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚು ದೂರ ಹಾರುವುದಿಲ್ಲ. ನಿಮ್ಮನ್ನು ಕಚ್ಚಿದ್ದು ಬಹುಪಾಲು ನಿಮ್ಮ ಸುತ್ತಮುತ್ತಲೇ ಹುಟ್ಟಿದ್ದು. ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಪಾತ್ರೆಯ ಒಳಬದಿಯನ್ನು ತಿಕ್ಕಿ. ಮೊಟ್ಟೆ ಅಲ್ಲಿ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತದೆ. ಇಡೀ ಬೀದಿ ಒಂದೇ ದಿನ ಇದನ್ನು ಮಾಡಿದರೆ ಒಳ್ಳೆಯದು.

ಪ್ರಶ್ನೆ: ನಾವು ಬಾಡಿಗೆಗೆ ಇರುವವರು. ಬೀದಿ ಚೆನ್ನಾದರೆ ಬಾಡಿಗೆ ಏರುತ್ತದೆ. ಆಮೇಲೆ ನಾವೇ ಖಾಲಿ ಮಾಡಬೇಕು. ಹಾಗಿದ್ದ ಮೇಲೆ ಯಾಕೆ ದುಡಿಯಬೇಕು?

ಈ ಪತ್ರ ಇಟ್ಟುಕೊಂಡು ಮೂರು ದಿನ ಯೋಚಿಸಿದೆ. ನಿಮ್ಮ ಭಯ ಹೊಸದಲ್ಲ. ಲಂಡನ್ನಿನಲ್ಲಿ ಕಾರ್ಮಿಕರ ಕೇರಿಗಳಿಗೆ ಹಣವಂತರು ಬಂದು ಸೇರಿದಾಗ ಹಳಬರು ಜಾಗ ಬಿಡಬೇಕಾಯಿತು. ರೂತ್ ಗ್ಲಾಸ್ ಅನ್ನುವ ಸಮಾಜಶಾಸ್ತ್ರಜ್ಞೆ 1964ರಲ್ಲೇ ಅದಕ್ಕೆ ಜೆಂಟ್ರಿಫಿಕೇಶನ್ ಅಂತ ಹೆಸರಿಟ್ಟರು.

ನಮ್ಮ ಬೀದಿಯಲ್ಲೂ ಇದು ಆಯಿತು. ಅವತ್ತು ಬೆಳಿಗ್ಗೆ ಚೀಲ ಹಿಡಿದು ನಿಂತಿದ್ದರು ಅಂದೆನಲ್ಲ, ಆಮೇಲೆ ನಮ್ಮ ದೂರಿನ ನೋಟ್‌ಬುಕ್ ಬರೆಯುತ್ತಿದ್ದವರು ಅವರೇ. ಎಂಟು ಕಂಬದ ನಂಬರ್ ಅವರಿಗೆ ಬಾಯಿಪಾಠ. ಹೋದ ವರ್ಷ ಅವರ ಮನೆ ಮಾಲೀಕರು “ಈಗ ಬೀದಿ ಎಷ್ಟು ಚೆನ್ನಾಗಿದೆ ನೋಡಿ” ಅಂತ ಹೇಳಿ ಬಾಡಿಗೆ ಏರಿಸಿದರು. ಅವರಿಗೆ ಆಗಲಿಲ್ಲ, ಬಿಟ್ಟು ಹೋದರು. ಹೋಗುವ ದಿನ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟರು. ಆವರೆಗೂ ನಮ್ಮ ಸಂಘದಲ್ಲಿ ಬಾಡಿಗೆಯವರಿಗೆ ಮತ ಇರಲಿಲ್ಲ. ನನಗೆ ಅದು ತಪ್ಪು ಅಂತ ಹೊಳೆದದ್ದೇ ಅವತ್ತು.

ಈಗ ಮತ ಇದೆ. ಬಾಡಿಗೆ ಏರಿಸುವ ಮೊದಲು ಆರು ತಿಂಗಳು ಮುಂಚೆ ಹೇಳಬೇಕು ಅಂತ ಕೇಳಿದೆವು. ಏಳು ಮಾಲೀಕರಲ್ಲಿ ನಾಲ್ವರು ಒಪ್ಪಿ ಕರಾರಿನಲ್ಲಿ ಬರೆದುಕೊಟ್ಟರು. ಮೂವರ ಹತ್ತಿರ ಇನ್ನೂ ಮಾತಾಡುತ್ತಿದ್ದೇವೆ. ನಿಮ್ಮ ಬೀದಿಯ ಮುಂದಿನ ಸಭೆಗೆ ಹೋಗಿ, ನನಗೆ ಬರೆದ ಈ ಪ್ರಶ್ನೆಯನ್ನು ಇದೇ ಮಾತಿನಲ್ಲಿ ಕೇಳಿ. ನಮ್ಮಲ್ಲಿ ಆಗ ಯಾರೂ ಕೇಳಿರಲಿಲ್ಲ.