ತಿದ್ದಿ ಕಲಿಯುವ ಕೈ

ಓದುಗರೊಬ್ಬರ ಪತ್ರ: “ವ್ಯಾನ್ ಗೋನ ಸೈಪ್ರೆಸ್ ಮರಗಳ ಗೋಧಿ ಹೊಲದ ಚಿತ್ರವನ್ನು ಮೊಬೈಲಿನಲ್ಲಿ ನೋಡಿಕೊಂಡು, ಪ್ರತಿಯೊಂದು ಬಣ್ಣವನ್ನೂ ಅದಕ್ಕೇ ಹೊಂದಿಸಿ ತೈಲವರ್ಣ ಕಲಿಯುತ್ತಿದ್ದೇನೆ. ಎರಡು ತಿಂಗಳಾದರೂ ಮರದ ಆ ಕಪ್ಪು ಕೂಡಿಬರುತ್ತಿಲ್ಲ. ನಕಲು ಮಾಡಿದರೆ ಸ್ವಂತಿಕೆ ಸಾಯುತ್ತದೆ, ಹೊರಗೆ ಹೋಗಿ ನಿಜವಾದ ಮರ ನೋಡಿ ಬರೆಯಬೇಕು ಎನ್ನುತ್ತಾರೆ ಗೆಳೆಯರು. ನಾನು ದಾರಿ ತಪ್ಪಿದ್ದೇನೆಯೇ?”

ಸಂಪಾದಕರ ಉತ್ತರ: ಬಯಲಿನ ಬೆಳಕನ್ನು ಬಯಲಿನಲ್ಲೇ ಕಲಿಯಬೇಕೆಂಬ ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳಿದೆ. ಅಷ್ಟನ್ನು ಒಪ್ಪಿ ಮುಂದೆ ಹೋಗುತ್ತೇನೆ, ಏಕೆಂದರೆ ಉಳಿದೆಲ್ಲದರಲ್ಲಿ ನಾನು ನಿಮ್ಮ ಪಕ್ಷ.

ಸ್ವಂತಿಕೆಗೆ ಹೆಸರಾದ ಫ್ರೆಂಚ್ ಚಿತ್ರಕಾರ ಸೆಜಾನ್, ತನ್ನ ಹಿರಿಯ ಗೆಳೆಯ, ಚಿತ್ರಕಾರ ಪಿಸ್ಸಾರೊ 1871ರಲ್ಲಿ ಬರೆದಿದ್ದ ಲೂವ್‌ಸಿಯೆನ್ ಊರಿನ ನಿಸರ್ಗಚಿತ್ರವನ್ನು ಎರವಲು ತಂದು, ತುಸು ಚಿಕ್ಕ ಕ್ಯಾನ್ವಾಸಿನ ಮೇಲೆ ಅದರ ಪ್ರತಿ ಮಾಡಿದ. ಆಗ ಅವನಿಗೆ ವಯಸ್ಸು ಮೂವತ್ತು ದಾಟಿತ್ತು. ಅಲ್ಲಿಯವರೆಗೆ ಗಾಢ ಬಣ್ಣಗಳನ್ನು ದಪ್ಪಗೆ ಮೆತ್ತುತ್ತಿದ್ದವನ ಚಿತ್ರಗಳಲ್ಲಿ ಬೆಳಕು ಮೂಡತೊಡಗಿದ್ದು ಪಿಸ್ಸಾರೊನ ಒಡನಾಟದ ಆ ವರ್ಷಗಳಲ್ಲಿ. ನಿಮ್ಮ ವ್ಯಾನ್ ಗೋನಾದರೂ ಏನು ಮಾಡಿದ? ಫ್ರಾನ್ಸಿನ ಸೇಂಟ್ ರೆಮಿಯ ಮನೋರೋಗಿಗಳ ಆಸ್ಪತ್ರೆಯಲ್ಲಿದ್ದಾಗ, ತನಗಿಂತ ಹಿಂದಿನ ಚಿತ್ರಕಾರ ಮಿಲೆಯ ಸುಮಾರು ಇಪ್ಪತ್ತು ಚಿತ್ರಗಳನ್ನು ಕಪ್ಪು ಬಿಳುಪು ಮುದ್ರಣಗಳಿಂದ ಎತ್ತಿಕೊಂಡು ತನ್ನ ಬಣ್ಣಗಳಲ್ಲಿ ಬರೆದ. ಬೀಥೋವನ್‌ನ ಕೃತಿಯನ್ನು ನುಡಿಸುವ ಸಂಗೀತಗಾರನ ಕೆಲಸಕ್ಕೆ ಅದನ್ನು ಹೋಲಿಸಿಕೊಂಡ. ನೀವು ಹಿಡಿದಿರುವ ಗೋಧಿ ಹೊಲವನ್ನೇ 1889ರ ಜುಲೈಯಲ್ಲಿ ಒಮ್ಮೆ ಬರೆದು, ಸೆಪ್ಟೆಂಬರಿನಲ್ಲಿ ಒಳಗೆ ಕುಳಿತು ಮತ್ತೊಮ್ಮೆ ಬರೆದ. ತಾಯಿಗೂ ತಂಗಿಗೂ ಎಂದು ಚಿಕ್ಕದೊಂದನ್ನೂ ಮಾಡಿದ. ಅಲ್ಲಿಗೆ, ನಿಮ್ಮ ಚಿತ್ರದ ಮೊದಲ ನಕಲುಗಾರ ಅವನೇ.

ಆದರೆ ಮೊಬೈಲಿಗೆ ಬಣ್ಣ ಹೊಂದಿಸುವ ನಿಮ್ಮ ಪರಿಗೆ ಎರಡು ಮಾತು ಅನ್ನಲೇಬೇಕು. ದಪ್ಪ ಬಣ್ಣದ ಏಣುಗಳು ಬೀರುವ ನೆರಳು ಆ ಗಾಜಿನಲ್ಲಿ ಸಿಕ್ಕುವುದಿಲ್ಲ. ಮೂಲದ ಬಣ್ಣವಾದರೂ ಇದ್ದಂತೆ ಇರುತ್ತದೆಯೇ? ಅವನ ಮಲಗುವ ಕೋಣೆಯ ಚಿತ್ರದಲ್ಲಿ ನೇರಳೆಯಾಗಿದ್ದ ಗೋಡೆಗಳು ಕೆಂಪು ಮಾಸಿಹೋಗಿ ಇಂದು ನೀಲಿಯಾಗಿವೆ. ನೀವು ಕುಂಚ ಹರಿದ ದಿಕ್ಕನ್ನು ನೋಡಿ, ಯಾವುದರ ಮೇಲೆ ಯಾವುದು ಬಿದ್ದಿದೆ ಎಂಬುದನ್ನು ನೋಡಿ. ಈ ಕ್ರಮದ ಬೆಲೆ ನನಗೆ ತಿಳಿದದ್ದು ಕೆಟ್ಟ ಮೇಲೆ. ಹರೆಯದಲ್ಲಿ ಸೆಜಾನ್‌ನ ಸೇಂಟ್ ವಿಕ್ಟ್ವಾರ್ ಬೆಟ್ಟವನ್ನು ನಕಲು ಮಾಡಲು ಹೋಗಿ, ಕೆಳಗೆ ಅಗಸೆ ಎಣ್ಣೆ ಸುರಿದ ಬಣ್ಣ ಬಳಿದು, ಮೇಲೆ ಟರ್ಪೆಂಟೈನ್ ಬೆರೆಸಿದ ತೆಳುಬಣ್ಣ ಹಾಕಿದ್ದೆ. ಮೇಲಿನದು ಬೇಗ ಒಣಗಿ ಬಿರುಸಾಯಿತು, ಕೆಳಗಿನದು ಒಳಗೊಳಗೇ ಮಿಸುಕುತ್ತಿತ್ತು. ಕೆಲವೇ ತಿಂಗಳಲ್ಲಿ ಬೆಟ್ಟ ಬಿರುಕು ಬಿಟ್ಟಿತು.

ಇಷ್ಟಕ್ಕೂ ‘ತಿದ್ದು’ ಎಂಬ ನಮ್ಮ ಮಾತಿಗೆ ಬರೆದುದರ ಮೇಲೆ ಬರೆದು ಕಲಿ ಎಂಬ ಅರ್ಥವೂ ಇದೆ, ತಪ್ಪನ್ನು ಸರಿಪಡಿಸು ಎಂಬ ಅರ್ಥವೂ ಇದೆ. ಅಕ್ಷರ ತಿದ್ದುವ ಮಗುವನ್ನು ಯಾರೂ ಕಳ್ಳನೆನ್ನುವುದಿಲ್ಲ. ಕುಂಚ ಹಿಡಿದವರು ಮಾತ್ರ ಮೊದಲ ದಿನವೇ ತಮ್ಮದೇ ಶೈಲಿಯೊಂದಿಗೆ ಹಾಜರಾಗಬೇಕಂತೆ! ಪ್ರಭಾವ ತಟ್ಟೀತೆಂದು ಯಾರನ್ನೂ ಓದುವುದಿಲ್ಲ ಎಂದು ಹೆಮ್ಮೆಯಿಂದ ಬರೆದುಕೊಳ್ಳುವವರ ಕವಿತೆಗಳೂ ನನ್ನ ಮೇಜಿಗೆ ಬರುತ್ತವೆ. ಅವೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ.

ಚಿತ್ರ ಮುಗಿದ ಮೇಲೆ ಹಿಂಬದಿಯಲ್ಲಿ ‘ವ್ಯಾನ್ ಗೋ ಚಿತ್ರದ ಪ್ರತಿ’ ಎಂದು ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ. ಮರದ ಕಪ್ಪಿನ ಬಗ್ಗೆ ಅಷ್ಟು ಕೊರಗಬೇಡಿ. ಬಿಸಿಲು ತುಂಬಿದ ಬಯಲಿನಲ್ಲಿ ಆ ಒಂದು ಕಪ್ಪನ್ನು ಸರಿಯಾಗಿ ಹಿಡಿಯುವಷ್ಟು ಕಷ್ಟ ಬೇರೊಂದಿಲ್ಲವೆಂದು 1889ರ ಜೂನ್‌ನಲ್ಲಿ ಅವನೂ ತಮ್ಮನಿಗೆ ಬರೆದುಕೊಂಡಿದ್ದ.